ಉಚಿತ ತಂತ್ರಾಂಶದ ಹಿಂದಿನ ದುಡಿಮೆ: ವಿಂಡೋಸ್ ಗಣಕಗಳಲ್ಲಿ ಯೂನಿಕ್ಸ್ ಪರಿಸರ ಒದಗಿಸುವ ‘ಸಿಗ್ವಿನ್’

ಸರಕನ್ನು ತಯಾರಿಸುವುದು ಒಂದು ಕೆಲಸ. ಅದನ್ನು ಕೆಡದಂತೆ ಕಟ್ಟಿ, ಲೇಬಲ್ ಅಂಟಿಸಿ, ಬ್ಯಾಚ್ ಸಂಖ್ಯೆ ನಮೂದಿಸಿ, ಗಿರಾಕಿಯ ಕೈಗೆ ಸುಸ್ಥಿತಿಯಲ್ಲಿ ತಲುಪಿಸುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸಕ್ಕೆ ಎಷ್ಟು ಶ್ರಮ, ಎಷ್ಟು ಎಚ್ಚರ ಬೇಕೆಂಬುದನ್ನು ವರ್ತಕರಿಗೂ ಸಣ್ಣ ತಯಾರಕರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗಣಕಯಂತ್ರದ ತಂತ್ರಾಂಶದ ಮಾತು ಬಂದಾಗ ಇದೇ ತಿಳಿವಳಿಕೆ ಮರೆಯಾಗುವುದುಂಟು. ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಂಡ ತಂತ್ರಾಂಶವು ತಾನಾಗಿಯೇ ಹುಟ್ಟಿ, ತಾನಾಗಿಯೇ ಸುಧಾರಿಸಿಕೊಳ್ಳುತ್ತಾ ಹೋಗುತ್ತದೆಂಬ ಭಾವನೆ ಅನೇಕ ಕಚೇರಿಗಳಲ್ಲಿದೆ. ‘ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೂ ಒಂದು ಇರಲಿ’ ಎಂಬ ಗಾದೆಯಂತೆ ಅಂತಹ ತಂತ್ರಾಂಶವನ್ನು ಎಲ್ಲ ಗಣಕಗಳಿಗೂ ತುಂಬಿಕೊಂಡು, ಅದರ ಪಾಲನೆ ಯಾರ ಹೊಣೆ ಎಂಬ ಪ್ರಶ್ನೆಯನ್ನು ಕೇಳದೆ ಬಿಡುವುದು ರೂಢಿಯಾಗಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ‘ಸಿಗ್ವಿನ್’ ಎಂಬ ಯೋಜನೆಯು ಉತ್ತಮ ಉದಾಹರಣೆಯಾಗಿದೆ. ಯೂನಿಕ್ಸ್ ಮತ್ತು ಲಿನಕ್ಸ್‌ಗಳಿಗಾಗಿ ಬರೆದ ಮುಕ್ತ ತಂತ್ರಾಂಶಗಳನ್ನು ಮೈಕ್ರೋಸಾಫ್ಟ್ ವಿಂಡೋಸ್ ಗಣಕಗಳಲ್ಲಿ ಬಳಸಲು ಅನುವು ಮಾಡಿಕೊಡುವ ಈ ಪರಿಸರ 1995ರಿಂದ ಇಂದಿನವರೆಗೆ ನಿರಂತರವಾಗಿ ಬಳಕೆಯಲ್ಲಿದೆ. ಅದರ ಕಥೆಯಲ್ಲಿ ವ್ಯಾಪಾರವೂ ಇದೆ, ಕುಶಲಕರ್ಮವೂ ಇದೆ, ಕಾನೂನೂ ಇದೆ.

ಎರಡು ಸಂಪ್ರದಾಯಗಳು

ಯೂನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಸಣ್ಣ ಸಣ್ಣ ಉಪಕರಣಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಕೆಲಸ ಸಾಧಿಸುವುದು ಅದರ ಸಂಪ್ರದಾಯ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಇದೇ ಮಾದರಿಯ ಉಪಕರಣಗಳನ್ನು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಮುಕ್ತ ತಂತ್ರಾಂಶವಾಗಿ ಒದಗಿಸತೊಡಗಿತು. ಆದರೆ ಕಚೇರಿಗಳ ಮೇಜಿನ ಮೇಲೆ ನೆಲೆಯೂರಿದ್ದು ವಿಂಡೋಸ್. ಲೆಕ್ಕಪತ್ರ, ಪತ್ರವ್ಯವಹಾರ, ಯಂತ್ರಗಳ ನಿಯಂತ್ರಣ ಎಲ್ಲವೂ ಅದರ ಮೇಲೆಯೇ ನಡೆಯತೊಡಗಿದವು.

ಇವೆರಡರ ನಡುವಣ ವ್ಯತ್ಯಾಸ ಕೇವಲ ಪರದೆಯ ನೋಟದ್ದಲ್ಲ. ಯೂನಿಕ್ಸ್‌ನಲ್ಲಿ ಪಠ್ಯದ ಪ್ರತಿ ಸಾಲೂ ಒಂದೇ ಗುರುತಿನಿಂದ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಎರಡು ಗುರುತುಗಳಿಂದ. ಕಣ್ಣಿಗೆ ಕಾಣದ ಈ ಒಂದು ಹೆಚ್ಚುವರಿ ಗುರುತಿನಿಂದಲೇ ಸರಿಯಾಗಿ ಬರೆದ ಆದೇಶಪಟ್ಟಿಯೊಂದು ಕೆಲಸ ಮಾಡದೆ ನಿಂತುಬಿಡಬಹುದು. ಯೂನಿಕ್ಸ್‌ನಲ್ಲಿ ದೊಡ್ಡಕ್ಷರದ ಹೆಸರು ಮತ್ತು ಸಣ್ಣಕ್ಷರದ ಹೆಸರು ಎರಡು ಬೇರೆ ಬೇರೆ ಕಡತಗಳು. ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಭಾವಿಸುತ್ತದೆ. ‘ಕಾನ್’, ‘ಆಕ್ಸ್’, ‘ನಲ್’ ಮುಂತಾದ ಹೆಸರುಗಳನ್ನು ವಿಂಡೋಸ್ ಸಾಧನಗಳಿಗೆಂದು ಕಾದಿರಿಸಿದೆ. ಯೂನಿಕ್ಸ್‌ನಲ್ಲಿ ಅವು ಸಾಮಾನ್ಯ ಕಡತಗಳ ಹೆಸರಾಗಿರಬಹುದು. ಅನುಮತಿ, ಮಾಲೀಕತ್ವ, ಕಡತದ ದಾರಿಯನ್ನು ಬರೆಯುವ ಕ್ರಮ ಇವೆಲ್ಲವೂ ಬೇರೆ ಬೇರೆ. ಆದಕಾರಣ ಯೂನಿಕ್ಸ್‌ಗೆಂದು ಬರೆದ ತಂತ್ರಾಂಶವನ್ನು ಹಾಗೆಯೇ ಎತ್ತಿ ವಿಂಡೋಸ್‌ನಲ್ಲಿ ಇರಿಸಿದರೆ ಅದು ನಡೆಯುವುದಿಲ್ಲ.

ಸಿಗ್ನಸ್ ಸಂಸ್ಥೆಯ ಸಾಹಸ

ಈ ಅಂತರವನ್ನು ದಾಟುವ ಪ್ರಯತ್ನ ಮೊದಲಾದದ್ದು ಒಂದು ಸಣ್ಣ ಉದ್ದಿಮೆಯಲ್ಲಿ. ಮೈಕಲ್ ಟೀಮನ್, ಡೇವಿಡ್ ಹೆಂಕೆಲ್-ವ್ಯಾಲೇಸ್ ಮತ್ತು ಜಾನ್ ಗಿಲ್‌ಮೋರ್ ಎಂಬ ಮೂವರು 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಗ್ನಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಉಚಿತವಾಗಿ ದೊರೆಯುವ ತಂತ್ರಾಂಶದಿಂದ ಹಣ ಗಳಿಸುವುದು ಹೇಗೆ ಎಂಬುದೇ ಆಗ ಎಲ್ಲರ ಸಂದೇಹವಾಗಿತ್ತು. ಅವರು ಕಂಡುಕೊಂಡ ಮಾರ್ಗ ಸರಳವಾದುದು: ತಂತ್ರಾಂಶವನ್ನು ಮಾರದೆ ಅದರ ನಿರ್ವಹಣೆಯನ್ನು ಮಾರುವುದು. ಹೊಸ ಸಂಸ್ಕಾರಕ ಚಿಪ್ ತಯಾರಿಸಿದ ಕಂಪನಿಗೆ ಅದಕ್ಕೆ ತಕ್ಕ ಕಂಪೈಲರ್ ಬೇಕು. ಗ್ನೂ ಕಂಪೈಲರನ್ನು ಆ ಚಿಪ್ಪಿಗೆ ಹೊಂದಿಸಿ, ದೋಷ ತಿದ್ದಿ, ಕಾಲಕಾಲಕ್ಕೆ ಬೆಂಬಲ ನೀಡುವ ಕರಾರನ್ನು ಸಿಗ್ನಸ್ ವಹಿಸಿಕೊಳ್ಳುತ್ತಿತ್ತು.

ಇದೇ ಸಂಸ್ಥೆಯ ಇಂಜಿನಿಯರ್ ಸ್ಟೀವ್ ಚೇಂಬರ್ಲೇನ್ 1995ರಲ್ಲಿ ಒಂದು ಅಂಶವನ್ನು ಗಮನಿಸಿದರು. ಆಗತಾನೆ ಹರಡುತ್ತಿದ್ದ ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95ಗಳು ಪ್ರೋಗ್ರಾಂ ಕಡತಗಳಿಗೆ ಬಳಸುತ್ತಿದ್ದ ರೂಪವು ಗ್ನೂ ಉಪಕರಣಗಳಿಗೆ ಮೊದಲೇ ಪರಿಚಿತವಾಗಿದ್ದ ‘ಕಾಫ್’ ರೂಪವೇ ಆಗಿತ್ತು. ಹಾಗಿದ್ದಲ್ಲಿ ಗ್ನೂ ಕಂಪೈಲರನ್ನು ವಿಂಡೋಸ್ ಮೇಲೆಯೇ ಓಡಿಸುವುದು ಸಾಧ್ಯ. ಆದರೆ ಆ ಉಪಕರಣಗಳನ್ನು ಕಟ್ಟಲು ಬಳಸುವ ಆದೇಶಪಟ್ಟಿಗಳಿಗೆ ಯೂನಿಕ್ಸ್ ಶೆಲ್ ಬೇಕು; ಶೆಲ್ ನಡೆಯಬೇಕಾದರೆ ಯೂನಿಕ್ಸ್‌ನ ಮೂಲಭೂತ ಸೇವೆಗಳು ಬೇಕು. ಪ್ರತಿಯೊಂದು ಉಪಕರಣವನ್ನೂ ವಿಂಡೋಸ್‌ಗಾಗಿ ಬೇರೆ ಬೇರೆಯಾಗಿ ತಿದ್ದುತ್ತಾ ಕುಳಿತರೆ ಆ ಕೆಲಸಕ್ಕೆ ಕೊನೆಯಿರುವುದಿಲ್ಲ. ಅದರ ಬದಲು ಯೂನಿಕ್ಸ್ ಸೇವೆಗಳನ್ನೆಲ್ಲ ವಿಂಡೋಸ್ ಭಾಷೆಗೆ ಅನುವಾದಿಸುವ ಒಂದೇ ಗ್ರಂಥಾಲಯವನ್ನು ಬರೆದರೆ, ಉಳಿದ ಉಪಕರಣಗಳು ಹೆಚ್ಚಿನ ಬದಲಾವಣೆಯಿಲ್ಲದೆ ನಡೆಯುತ್ತವೆ. ಸಿಗ್ವಿನ್ ಹುಟ್ಟಿದ್ದು ಈ ವಿಚಾರದಿಂದ. ಜೆಫ್ರಿ ನೋಯರ್ 1998ರಲ್ಲಿ ಯೂಸ್‌ನಿಕ್ಸ್ ಸಂಘದ ವಿಂಡೋಸ್ ಎನ್‌ಟಿ ಗೋಷ್ಠಿಯಲ್ಲಿ ಇದನ್ನು ಕುರಿತ ಪ್ರಬಂಧವನ್ನು ಮಂಡಿಸಿದರು.

ರೆಡ್ ಹ್ಯಾಟ್ ಸಂಸ್ಥೆಯು ಸಿಗ್ನಸ್ಸನ್ನು ಕೊಳ್ಳುವುದಾಗಿ 1999ರ ನವೆಂಬರ್‌ನಲ್ಲಿ ಪ್ರಕಟಿಸಿ, 2000ದ ಆರಂಭದಲ್ಲಿ ವ್ಯವಹಾರವನ್ನು ಮುಗಿಸಿತು. ನಿರ್ವಹಣೆಯನ್ನೇ ಸರಕಾಗಿ ಮಾರಿದ ಸಣ್ಣ ಸಂಸ್ಥೆ ಹತ್ತು ವರ್ಷಗಳಲ್ಲಿ ಇಷ್ಟು ಬೆಳೆದದ್ದು ಉದ್ಯಮಿಗಳು ಗಮನಿಸತಕ್ಕ ಸಂಗತಿ. ಸಿಗ್ವಿನ್ ಯೋಜನೆಯ ನೇತೃತ್ವ ಅಲ್ಲಿಂದ ಮುಂದೆ ಕ್ರಿಸ್ಟೋಫರ್ ಫೇಲರ್ ಹಾಗೂ ಕೊರಿನಾ ವಿನ್ಶೆನ್ ಅವರ ಕೈಯಲ್ಲಿ ದೀರ್ಘಕಾಲ ಮುಂದುವರಿಯಿತು.

ದುಭಾಷಿಯ ಕೆಲಸ

ಸಿಗ್ವಿನ್‌ನ ಹೃದಯವೆಂದರೆ ‘ಸಿಗ್ವಿನ್1.ಡಿಎಲ್‌ಎಲ್’ ಎಂಬ ಒಂದೇ ಕಡತ. ಯೂನಿಕ್ಸ್ ಮಾದರಿಯ ಪ್ರೋಗ್ರಾಂ ಒಂದು ಸೇವೆಯನ್ನು ಕೇಳಿದಾಗ ಈ ಕಡತವು ದುಭಾಷಿಯಂತೆ ಅದನ್ನು ವಿಂಡೋಸ್‌ಗೆ ಅರ್ಥವಾಗುವ ಕೋರಿಕೆಯಾಗಿ ತಿರುಗಿಸಿ, ಉತ್ತರವನ್ನು ಹಿಂದಕ್ಕೆ ತಲುಪಿಸುತ್ತದೆ. ಲಿನಕ್ಸ್‌ಗಾಗಿ ಸಿದ್ಧಪಡಿಸಿದ ಪ್ರೋಗ್ರಾಂ ನೇರವಾಗಿ ಇಲ್ಲಿ ನಡೆಯುವುದಿಲ್ಲ. ಅದರ ಮೂಲ ಸಂಕೇತವನ್ನು ತಂದು ಸಿಗ್ವಿನ್‌ನಲ್ಲಿ ಮತ್ತೆ ಕಂಪೈಲ್ ಮಾಡಬೇಕು. ಪ್ಯಾಕೇಜಿಂಗ್‌ನ ಅಗತ್ಯ ಹುಟ್ಟುವುದೇ ಈ ಕಾರಣದಿಂದ.

ದುಭಾಷಿಯ ಕೆಲಸ ಎಲ್ಲ ಕಡೆ ಸಲೀಸಾಗಿ ಸಾಗುವುದಿಲ್ಲ. ಯೂನಿಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತನ್ನದೇ ಪ್ರತಿಯೊಂದನ್ನು ಸೃಷ್ಟಿಸಿಕೊಳ್ಳುವ ‘ಫೋರ್ಕ್’ ಎಂಬ ಸೌಲಭ್ಯವಿದೆ. ಅಲ್ಲಿ ಸ್ಮೃತಿಯನ್ನು ಕೂಡಲೇ ನಕಲು ಮಾಡದೆ, ಬದಲಾವಣೆಯಾದ ಭಾಗವನ್ನು ಮಾತ್ರ ಪ್ರತ್ಯೇಕಿಸುವುದರಿಂದ ಈ ಕೆಲಸ ಅತಿ ಶೀಘ್ರವಾಗಿ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಸಮಾನವಾದ ನೇರ ಸೌಲಭ್ಯವಿಲ್ಲದ ಕಾರಣ, ಸಿಗ್ವಿನ್ ಹೊಸ ಪ್ರಕ್ರಿಯೆಯೊಂದನ್ನು ಸ್ಥಗಿತ ಸ್ಥಿತಿಯಲ್ಲಿ ಆರಂಭಿಸಿ, ಮೂಲ ಪ್ರಕ್ರಿಯೆಯ ಸ್ಮೃತಿಯನ್ನು ಅದರೊಳಕ್ಕೆ ನಕಲು ಮಾಡಿ, ಆಮೇಲೆ ಅದನ್ನು ನಡೆಯಗೊಡುತ್ತದೆ. ಸಾವಿರಾರು ಸಣ್ಣ ಆದೇಶಗಳನ್ನು ಒಂದಾದ ಮೇಲೊಂದರಂತೆ ಓಡಿಸುವ ಕೆಲಸಗಳು ಲಿನಕ್ಸ್‌ಗಿಂತ ಸಿಗ್ವಿನ್‌ನಲ್ಲಿ ನಿಧಾನವಾಗಿ ಸಾಗುವುದಕ್ಕೆ ಮುಖ್ಯ ಕಾರಣ ಇದು.

ಇನ್ನೊಂದು ತೊಡಕೂ ಇಲ್ಲಿಯೇ ಇದೆ. ಮೂಲ ಪ್ರಕ್ರಿಯೆಯಲ್ಲಿ ಯಾವ ಡಿಎಲ್‌ಎಲ್ ಯಾವ ವಿಳಾಸದಲ್ಲಿತ್ತೋ ಹೊಸ ಪ್ರತಿಯಲ್ಲಿಯೂ ಅದು ಅದೇ ವಿಳಾಸದಲ್ಲಿ ಕೂರಬೇಕು. ಬೇರೊಂದು ಡಿಎಲ್‌ಎಲ್ ಆ ಜಾಗವನ್ನು ಮೊದಲೇ ಹಿಡಿದಿದ್ದರೆ ಫೋರ್ಕ್ ವಿಫಲವಾಗುತ್ತದೆ. ಎಲ್ಲ ಪ್ರಕ್ರಿಯೆಗಳೊಳಗೂ ತನ್ನ ಭಾಗವನ್ನು ಸೇರಿಸುವ ಕೆಲವು ವೈರಸ್ ನಿರೋಧಕ ತಂತ್ರಾಂಶಗಳಿಂದಲೂ ಇಂತಹ ಅಡಚಣೆ ಉಂಟಾಗುತ್ತದೆ. ಇದನ್ನು ತಪ್ಪಿಸಲು ಪ್ರತಿ ಡಿಎಲ್‌ಎಲ್‌ಗೂ ಒಂದೊಂದು ಜಾಗವನ್ನು ಮುಂಚಿತವಾಗಿ ಗೊತ್ತುಪಡಿಸುವ ‘ರಿಬೇಸ್’ ಎಂಬ ಉಪಕರಣವನ್ನು ಬಳಸಲಾಗುತ್ತದೆ. ಗೋದಾಮಿನಲ್ಲಿ ಪ್ರತಿ ಸರಕಿಗೂ ಅದರದೇ ಅಂಕಣವನ್ನು ಗುರುತಿಸಿಡುವಂತಹ ವ್ಯವಸ್ಥೆ ಇದು.

ಪ್ಯಾಕೇಜ್ ಸಿದ್ಧವಾಗುವ ಬಗೆ

ಸಿಗ್ವಿನ್ ಮೊದಲಲ್ಲಿ ಒಂದೇ ದೊಡ್ಡ ಗಂಟಾಗಿ ಹಂಚಿಕೆಯಾಗುತ್ತಿತ್ತು. 2000ದ ಆಸುಪಾಸಿನಿಂದ ಪ್ರತಿ ಉಪಕರಣವೂ ಬೇರೆ ಬೇರೆ ಪ್ಯಾಕೇಜ್ ಆಗಿ, ಬೇಕಾದುದನ್ನು ಮಾತ್ರ ಆರಿಸಿಕೊಳ್ಳುವ ‘ಸೆಟಪ್’ ವ್ಯವಸ್ಥೆ ಬಂದಿತು. ಇಂದು ಸಾವಿರಾರು ಪ್ಯಾಕೇಜುಗಳು ಅದರಲ್ಲಿವೆ. ಪ್ರತಿ ಪ್ಯಾಕೇಜಿಗೂ ಒಬ್ಬ ನಿರ್ವಾಹಕರಿರಬೇಕೆಂಬುದು ನಿಯಮ. ಇವರು ಆ ತಂತ್ರಾಂಶದ ಮೂಲ ಲೇಖಕರಲ್ಲ. ಮೂಲ ಲೇಖಕರಿಗೂ ವಿಂಡೋಸ್ ಬಳಕೆದಾರರಿಗೂ ನಡುವೆ ನಿಂತ ವಿತರಕರು ಎನ್ನಬಹುದು. ಬಹುತೇಕರು ಸಂಬಳವಿಲ್ಲದ ಸ್ವಯಂಸೇವಕರು.

ನಿರ್ವಾಹಕರ ಕೆಲಸವು ಮೂಲ ಸಂಕೇತವನ್ನು ಅದರ ಅಧಿಕೃತ ಸ್ಥಳದಿಂದ ತರುವುದರಿಂದ ಆರಂಭವಾಗುತ್ತದೆ. ಅದು ಸಿಗ್ವಿನ್‌ನಲ್ಲಿ ನಡೆಯಲು ತಿದ್ದುಪಡಿ ಬೇಕಿದ್ದರೆ ಅದನ್ನು ‘ಪ್ಯಾಚ್’ ಎಂಬ ತೇಪೆಯ ರೂಪದಲ್ಲಿ ಪ್ರತ್ಯೇಕವಾಗಿ ಇರಿಸುತ್ತಾರೆ. ಮೂಲದ ಮೇಲೆ ನೇರವಾಗಿ ತಿದ್ದಿಬಿಟ್ಟರೆ ಮುಂದಿನ ಆವೃತ್ತಿ ಬಂದಾಗ ಯಾವುದು ಮೂಲ, ಯಾವುದು ತಿದ್ದುಪಡಿ ಎಂಬುದು ತಿಳಿಯದೆ ಹೋಗುತ್ತದೆ. ಬಳಿಕ ಕಂಪೈಲ್ ಮಾಡುವುದು, ತಾತ್ಕಾಲಿಕ ಜಾಗದಲ್ಲಿ ಸ್ಥಾಪಿಸುವುದು, ಪರೀಕ್ಷೆ ನಡೆಸುವುದು, ಕಟ್ಟುವುದು ಈ ಹಂತಗಳು ಬರುತ್ತವೆ. ‘ಸಿಗ್‌ಪೋರ್ಟ್’ ಎಂಬ ಉಪಕರಣವು ಇವನ್ನೆಲ್ಲ ಒಂದು ಸಣ್ಣ ವಿವರ ಕಡತದ ಆಧಾರದಿಂದ ನಡೆಸಿಕೊಡುತ್ತದೆ. ತಂತ್ರಾಂಶದ ಹೆಸರು, ಆವೃತ್ತಿ, ವರ್ಗ, ಸಂಕ್ಷಿಪ್ತ ವಿವರಣೆ, ಮೂಲದ ವಿಳಾಸ, ಪರವಾನಗಿ, ಬೇಕಾಗುವ ಇತರ ಪ್ಯಾಕೇಜುಗಳು ಇವೆಲ್ಲ ಆ ಕಡತದಲ್ಲಿರುತ್ತವೆ. ಅಡುಗೆಯ ಪಾಕಪಟ್ಟಿಯಂತೆ ಅದನ್ನು ಹಿಡಿದು ಇನ್ನೊಬ್ಬರೂ ಅದೇ ಪ್ಯಾಕೇಜನ್ನು ಮತ್ತೆ ಸಿದ್ಧಪಡಿಸಬಹುದು.

ಆವೃತ್ತಿ ಸಂಖ್ಯೆಯ ಬರವಣಿಗೆಯಲ್ಲಿಯೂ ಒಂದು ಶಿಸ್ತಿದೆ. ‘4.2-1’ ಎಂದಿದ್ದರೆ 4.2 ಎಂಬುದು ಮೂಲ ಲೇಖಕರು ಕೊಟ್ಟ ಆವೃತ್ತಿ; 1 ಎಂಬುದು ಸಿಗ್ವಿನ್ ನಿರ್ವಾಹಕರ ಕಟ್ಟುವಿಕೆಯ ಸಂಖ್ಯೆ. ಮೂಲ ತಂತ್ರಾಂಶ ಬದಲಾಗದೆ ಕಟ್ಟುವಿಕೆಯ ದೋಷವನ್ನಷ್ಟೇ ಸರಿಪಡಿಸಿದರೆ ಅದು ‘4.2-2’ ಆಗುತ್ತದೆ. ದೂರು ಬಂದಾಗ ದೋಷವು ತಯಾರಿಕೆಯದೋ ಪ್ಯಾಕಿಂಗ್‌ನದೋ ಎಂದು ಪತ್ತೆ ಹಚ್ಚಲು ಬ್ಯಾಚ್ ಸಂಖ್ಯೆ ನೆರವಾಗುವಂತೆಯೇ ಇದೂ ನೆರವಾಗುತ್ತದೆ.

ಸಿದ್ಧವಾದ ಪ್ಯಾಕೇಜುಗಳು ಜಗತ್ತಿನ ನಾನಾ ಕಡೆಯ ‘ಮಿರರ್’ ಗಣಕಗಳಿಂದ ಬಳಕೆದಾರರಿಗೆ ತಲುಪುತ್ತವೆ. ಈ ಗಣಕಗಳನ್ನು ನಡೆಸುವವರು ಬೇರೆ ಬೇರೆ ಸಂಸ್ಥೆಗಳವರಾದ್ದರಿಂದ ನಡುದಾರಿಯಲ್ಲಿ ಸರಕು ಕಲಬೆರಕೆಯಾಗದಂತೆ ಕಾಪಾಡಬೇಕು. ಅದಕ್ಕಾಗಿ ಪ್ಯಾಕೇಜುಗಳ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ತಾಳೆ ಸಂಖ್ಯೆ ಇರುತ್ತದೆ. ಸೆಟಪ್ ಪ್ರೋಗ್ರಾಂ ಸಹಿಯನ್ನೂ ಸಂಖ್ಯೆಯನ್ನೂ ತಾಳೆ ನೋಡಿದ ನಂತರವೇ ಸ್ಥಾಪನೆಗೆ ತೊಡಗುತ್ತದೆ. ಪ್ರತಿ ಪ್ಯಾಕೇಜಿನ ಮೂಲ ಸಂಕೇತವೂ ಜೊತೆಯಲ್ಲಿಯೇ ದೊರೆಯುತ್ತದೆ.

ಮುಗಿಯದ ಹೊಣೆ

ಪ್ಯಾಕೇಜನ್ನು ಒಮ್ಮೆ ಕಟ್ಟುವುದಕ್ಕಿಂತ ವರ್ಷಗಟ್ಟಲೆ ಪಾಲಿಸುವುದು ಕಷ್ಟ. 2014ರ ಸೆಪ್ಟೆಂಬರ್‌ನಲ್ಲಿ ‘ಬ್ಯಾಶ್’ ಎಂಬ ಶೆಲ್‌ನಲ್ಲಿ ‘ಶೆಲ್‌ಶಾಕ್’ ಎಂದು ಹೆಸರಾದ ಗಂಭೀರ ಭದ್ರತಾ ದೋಷ ಬಯಲಾಯಿತು. ಆ ದೋಷ 1989ರಿಂದಲೂ ಅಲ್ಲಿಯೇ ಅಡಗಿತ್ತು. ಮೊದಲ ತೇಪೆ ಸಾಲದೆ ಕೆಲವೇ ದಿನಗಳಲ್ಲಿ ಹಲವು ತೇಪೆಗಳು ಹೊರಬಂದವು. ಮೂಲ ಲೇಖಕರು ತೇಪೆ ಪ್ರಕಟಿಸಿದ ಮಾತ್ರಕ್ಕೆ ಬಳಕೆದಾರನ ಗಣಕ ಸುರಕ್ಷಿತವಾಗುವುದಿಲ್ಲ. ಪ್ರತಿಯೊಂದು ವಿತರಣೆಯ ನಿರ್ವಾಹಕರೂ ಅದನ್ನು ತಂದು, ಮತ್ತೆ ಕಟ್ಟಿ, ಪರೀಕ್ಷಿಸಿ ಬಿಡುಗಡೆ ಮಾಡಬೇಕು. ಬಳಕೆದಾರನು ಅದನ್ನು ಸ್ಥಾಪಿಸಿಕೊಳ್ಳಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾದರೂ ಬಾಗಿಲು ತೆರೆದೇ ಇರುತ್ತದೆ.

ನಿರ್ವಾಹಕರೇ ಬಿಟ್ಟುಹೋದರೆ ಆಗುವುದೇನು? ಉದ್ಯೋಗ ಬದಲಾವಣೆ, ಅನಾರೋಗ್ಯ, ಸಂಸಾರದ ಜವಾಬ್ದಾರಿ ಯಾವುದಾದರೂ ಕಾರಣವಾಗಬಹುದು. ಆಗ ಆ ಪ್ಯಾಕೇಜನ್ನು ‘ಅನಾಥ’ ಎಂದು ಗುರುತಿಸಲಾಗುತ್ತದೆ. ಆಸಕ್ತರು ಮುಂದೆ ಬಂದು ಅದನ್ನು ದತ್ತು ತೆಗೆದುಕೊಳ್ಳಬಹುದು. ಯಾರೂ ಬಾರದಿದ್ದರೆ ಹಳೆಯ ಆವೃತ್ತಿ ಹಾಗೆಯೇ ಉಳಿದು, ಅದರ ಮೇಲೆ ಅವಲಂಬಿಸಿದ ಇತರ ಪ್ಯಾಕೇಜುಗಳಿಗೂ ತೊಂದರೆ ಆರಂಭವಾಗುತ್ತದೆ. ಬಳಕೆದಾರನ ಪರದೆಯ ಮೇಲೆ ಮಾತ್ರ ಯಾವ ಬದಲಾವಣೆಯೂ ಕಾಣಿಸುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಒಬ್ಬರೇ ಸ್ವಯಂಸೇವಕರ ಮೇಲೆ ಭಾರ ಬಿದ್ದರೆ ಏನಾಗಬಹುದೆಂಬುದನ್ನು 2024ರ ‘ಎಕ್ಸ್‌ಜೆಡ್’ ಪ್ರಕರಣ ತೋರಿಸಿಕೊಟ್ಟಿತು. ಕಡತಗಳನ್ನು ಕುಗ್ಗಿಸುವ ಈ ಉಪಕರಣವನ್ನು ಬಹುಕಾಲ ಒಬ್ಬರೇ ಪಾಲಿಸುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದ ವ್ಯಕ್ತಿಯೊಬ್ಬನು ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ದುಡಿದು, ವಿಶ್ವಾಸ ಗಳಿಸಿ, ಬಿಡುಗಡೆಯ ಅಧಿಕಾರ ಪಡೆದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಪ್ತದ್ವಾರವನ್ನು ಅಡಗಿಸಿದನು. ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುವುದನ್ನು ಗಮನಿಸಿ ತನಿಖೆ ಮಾಡಿದ ಇಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅದನ್ನು 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಆ ಗುಪ್ತದ್ವಾರದ ಗುರಿ ಕೆಲವು ಲಿನಕ್ಸ್ ವಿತರಣೆಗಳಾಗಿದ್ದವೇ ಹೊರತು ವಿಂಡೋಸ್ ಅಲ್ಲ. ಆದರೂ ಅದರ ಪಾಠ ಎಲ್ಲರಿಗೂ ಅನ್ವಯಿಸುತ್ತದೆ: ದಣಿದ ನಿರ್ವಾಹಕನೊಬ್ಬನ ಒಂಟಿತನವು ಸಾವಿರಾರು ಕಚೇರಿಗಳ ಭದ್ರತೆಯ ಪ್ರಶ್ನೆಯಾಗಬಲ್ಲದು.

ಹಳೆಯ ಗಣಕಗಳ ಸಮಸ್ಯೆ

ಸಣ್ಣ ತಯಾರಕರಿಗೆ ನೇರವಾಗಿ ತಟ್ಟುವ ಇನ್ನೊಂದು ವಿಷಯವಿದೆ. ಯಂತ್ರಕ್ಕೆ ಜೋಡಿಸಿದ ಗಣಕವನ್ನು ಯಂತ್ರ ಕೆಡುವವರೆಗೂ ಬದಲಿಸದಿರುವುದು ಕಾರ್ಖಾನೆಗಳಲ್ಲಿ ಸಾಮಾನ್ಯ. ಆದರೆ ನಿರ್ವಾಹಕರು ಹಳೆಯ ವಿಂಡೋಸ್ ಆವೃತ್ತಿಗಳನ್ನು ಅನಿರ್ದಿಷ್ಟ ಕಾಲ ಹೊತ್ತುಕೊಂಡು ಸಾಗಲಾರರು. 2009ರ ಡಿಸೆಂಬರ್‌ನಲ್ಲಿ ಬಂದ 1.7 ಸರಣಿಯು ವಿಂಡೋಸ್ 95, 98 ಮತ್ತು ಎಂಇಗಳನ್ನು ಕೈಬಿಟ್ಟಿತು. ವಿಂಡೋಸ್ ಎಕ್ಸ್‌ಪಿಗೆ ಹೊಂದುವ ಕೊನೆಯ ಆವೃತ್ತಿ 2016ರ 2.5.2. ಅರವತ್ತನಾಲ್ಕು ಬಿಟ್‌ಗಳ ಸಿಗ್ವಿನ್ 2013ರಲ್ಲಿ ಬಂದಿತು. ಅಲ್ಲಿಂದ ಮುಂದೆ ನಿರ್ವಾಹಕರು ಎರಡೂ ಬಗೆಗೆ ಪ್ಯಾಕೇಜುಗಳನ್ನು ಕಟ್ಟಬೇಕಾಯಿತು. ಮೂವತ್ತೆರಡು ಬಿಟ್‌ಗಳ ಇಕ್ಕಟ್ಟಾದ ವಿಳಾಸ ಜಾಗದಲ್ಲಿ ಫೋರ್ಕ್ ಸಮಸ್ಯೆಯೂ ಹೆಚ್ಚು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಬಂದ 3.4 ಆವೃತ್ತಿಯಿಂದ ಮೂವತ್ತೆರಡು ಬಿಟ್‌ಗಳ ಬೆಂಬಲವನ್ನು, 2024ರ 3.5 ಆವೃತ್ತಿಯಿಂದ ವಿಂಡೋಸ್ 7 ಮತ್ತು 8ರ ಬೆಂಬಲವನ್ನು ನಿಲ್ಲಿಸಲಾಯಿತು. ಇಂತಹ ಹಳೆಯ ಗಣಕದಲ್ಲಿ ಸಿಗ್ವಿನ್ ನಡೆಯುತ್ತಿದ್ದರೆ ಅದಕ್ಕೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲವೆಂದೇ ತಿಳಿಯಬೇಕು.

ಅರಿವಿಲ್ಲದೆ ಬಂದ ಅತಿಥಿ

ಸಿಗ್ವಿನ್ ಹೆಸರನ್ನೇ ಕೇಳದವರ ಗಣಕದಲ್ಲಿಯೂ ಅದು ಇರಬಹುದು. ಇಲೆಕ್ಟ್ರಾನಿಕ್ ಫಲಕಗಳನ್ನು ವಿನ್ಯಾಸಗೊಳಿಸುವ ಘಟಕಗಳು ಬಳಸುವ ಕೆಲವು ಉಪಕರಣ ಸಮೂಹಗಳು ಅದನ್ನು ಒಳಗೊಂಡೇ ಬಂದಿವೆ. ಉದಾಹರಣೆಗೆ, ಆಲ್ಟೆರಾ ಸಂಸ್ಥೆಯ, ಅನಂತರ ಇಂಟೆಲ್‌ನ ಭಾಗವಾದ, ‘ನಿಯೋಸ್ 2’ ಸಂಸ್ಕಾರಕದ ವಿನ್ಯಾಸ ಉಪಕರಣಗಳ ವಿಂಡೋಸ್ ರೂಪ ಹಲವು ವರ್ಷ ಸಿಗ್ವಿನ್ ಮೇಲೆ ನಿಂತಿತ್ತು, 2019ರ 19.1 ಆವೃತ್ತಿಯಿಂದ ಅದನ್ನು ತೆಗೆದು ಬೇರೆ ವ್ಯವಸ್ಥೆಗೆ ಬದಲಾಯಿಸಲಾಯಿತು.

ಹೀಗೆ ಬೇರೆ ಬೇರೆ ಮಾರಾಟಗಾರರು ತಮ್ಮ ತಮ್ಮ ‘ಸಿಗ್ವಿನ್1.ಡಿಎಲ್‌ಎಲ್’ ಪ್ರತಿಯನ್ನು ಒಂದೇ ಗಣಕಕ್ಕೆ ತಂದಿರಿಸಿದಾಗ, ಒಂದು ಉಪಕರಣವು ಇನ್ನೊಂದರ ಹಳೆಯ ಡಿಎಲ್‌ಎಲ್ ಅನ್ನು ಎತ್ತಿಕೊಂಡು ನಿಂತುಹೋಗುವ ಪ್ರಸಂಗಗಳು ಬಳಕೆದಾರರಿಗೆ ಚಿರಪರಿಚಿತ. ನಿನ್ನೆಯವರೆಗೆ ಸರಿಯಾಗಿದ್ದ ಉಪಕರಣ ಇನ್ನಾವುದನ್ನೋ ಸ್ಥಾಪಿಸಿದ ಮರುದಿನ ಕೆಟ್ಟಿತೆಂದರೆ ಮೊದಲು ಶಂಕಿಸಬೇಕಾದುದು ಇದನ್ನೇ. ಸಿಗ್ವಿನ್‌ನ ಈಚಿನ ಆವೃತ್ತಿಗಳು ಬೇರೆ ಬೇರೆ ಸ್ಥಾಪನೆಗಳನ್ನು ಪ್ರತ್ಯೇಕವಾಗಿರಿಸಿ ಈ ತೊಂದರೆಯನ್ನು ತಗ್ಗಿಸಿವೆಯಾದರೂ, ಎರಡನ್ನೂ ಬೆರೆಸಿ ಬಳಸುವುದು ಇಂದಿಗೂ ಸುರಕ್ಷಿತವಲ್ಲ.

ಪರವಾನಗಿ: ಉಚಿತವೆಂದರೆ ನಿಬಂಧನೆಯಿಲ್ಲವೆಂದಲ್ಲ

ತಮ್ಮ ಯಂತ್ರದೊಡನೆ ತಂತ್ರಾಂಶವನ್ನೂ ಮಾರುವ ತಯಾರಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಸಿಗ್ವಿನ್ ಡಿಎಲ್‌ಎಲ್ ಬಹುಕಾಲ ಜಿಪಿಎಲ್ ಪರವಾನಗಿಯಡಿ ಇತ್ತು. ಅದಕ್ಕೆ ಜೋಡಿಸಿದ ಪ್ರೋಗ್ರಾಂ ಕೂಡ ಮುಕ್ತ ತಂತ್ರಾಂಶವೇ ಆಗಿರಬೇಕಾಗಿತ್ತು. ಮೂಲ ಸಂಕೇತವನ್ನು ಗೋಪ್ಯವಾಗಿ ಇರಿಸಲು ಬಯಸಿದವರು ರೆಡ್ ಹ್ಯಾಟ್‌ನಿಂದ ಪ್ರತ್ಯೇಕ ವಾಣಿಜ್ಯ ಪರವಾನಗಿ ಕೊಳ್ಳಬೇಕಾಗಿತ್ತು. 2016ರಲ್ಲಿ ಡಿಎಲ್‌ಎಲ್ ಅನ್ನು ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಗೆ ಬದಲಾಯಿಸಲಾಯಿತು. ಇದರಿಂದ ಗೋಪ್ಯ ಸಂಕೇತದ ಪ್ರೋಗ್ರಾಂಗಳನ್ನೂ ಅದಕ್ಕೆ ಜೋಡಿಸಬಹುದಾಯಿತು.

ಆದರೂ ಡಿಎಲ್‌ಎಲ್ ಅನ್ನು ಇತರರಿಗೆ ಹಂಚುವವರು ಅದರ ಪರವಾನಗಿ ಪತ್ರವನ್ನು ಜೊತೆಗೆ ಕೊಡಬೇಕು. ಅದರ ಮೂಲ ಸಂಕೇತವನ್ನು ಪಡೆಯುವ ಅವಕಾಶವನ್ನೂ ಒದಗಿಸಬೇಕು. ಇದಲ್ಲದೆ ಜೊತೆಯಲ್ಲಿ ಸೇರಿಸುವ ಪ್ರತಿ ಉಪಕರಣಕ್ಕೂ ಅದರದೇ ಪರವಾನಗಿ ಇರುತ್ತದೆ. ಬ್ಯಾಶ್ ಮುಂತಾದ ಗ್ನೂ ಉಪಕರಣಗಳು ಇಂದಿಗೂ ಜಿಪಿಎಲ್ ಅಡಿಯಲ್ಲಿಯೇ ಇವೆ. ತಮ್ಮ ಕಚೇರಿಯೊಳಗೆ ಮಾತ್ರ ಬಳಸುವವರಿಗೆ ಹಂಚಿಕೆಗೆ ಸಂಬಂಧಿಸಿದ ಈ ನಿಬಂಧನೆಗಳು ಅನ್ವಯಿಸುವುದಿಲ್ಲ. ರಫ್ತು ಮಾಡುವ ಯಂತ್ರದೊಡನೆ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಇವನ್ನು ಕಳುಹಿಸುವವರಿಗೆ ಅನ್ವಯಿಸುತ್ತವೆ. ವಿದೇಶಿ ಗ್ರಾಹಕನು ತಂತ್ರಾಂಶದ ಘಟಕಪಟ್ಟಿಯನ್ನು ಕೇಳಿದಾಗ ತಡಕಾಡುವುದಕ್ಕಿಂತ ಮೊದಲೇ ಅದನ್ನು ಸಿದ್ಧಪಡಿಸಿಡುವುದು ಲೇಸು.

ಇಂದಿನ ಪರ್ಯಾಯಗಳು

ಸಿಗ್ವಿನ್ ಈಗ ಏಕೈಕ ಮಾರ್ಗವಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯೇ 2016ರಲ್ಲಿ ವಿಂಡೋಸ್ 10ರೊಳಗೆ ಲಿನಕ್ಸ್ ಪ್ರೋಗ್ರಾಂಗಳನ್ನು ನೇರವಾಗಿ ನಡೆಸುವ ‘ಡಬ್ಲ್ಯೂಎಸ್‌ಎಲ್’ ವ್ಯವಸ್ಥೆಯನ್ನು ತಂದಿತು. 2019ರಲ್ಲಿ ಪ್ರಕಟವಾದ ಅದರ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ತಿರುಳೇ ಕೆಲಸ ಮಾಡುತ್ತದೆ. ಇಲ್ಲಿ ಲಿನಕ್ಸ್‌ನ ಸಿದ್ಧ ಪ್ಯಾಕೇಜುಗಳನ್ನು ಮತ್ತೆ ಕಂಪೈಲ್ ಮಾಡದೆಯೇ ಬಳಸಬಹುದು. ಆದರೆ ಅದು ವಿಂಡೋಸ್‌ನೊಳಗಿನ ಪ್ರತ್ಯೇಕ ಮನೆಯಿದ್ದಂತೆ. ಸಿಗ್ವಿನ್‌ನ ಪ್ರೋಗ್ರಾಂಗಳಾದರೋ ವಿಂಡೋಸ್ ಪ್ರೋಗ್ರಾಂಗಳೇ ಆಗಿದ್ದು, ವಿಂಡೋಸ್‌ನ ಕಡತಗಳೊಡನೆಯೂ ಇತರ ಪ್ರೋಗ್ರಾಂಗಳೊಡನೆಯೂ ಒಂದೇ ಸೂರಿನಡಿ ಬಾಳುತ್ತವೆ. ಸಿಗ್ವಿನ್‌ನಿಂದಲೇ ಕವಲೊಡೆದ ‘ಎಂಸಿಸ್2’ ಎಂಬ ಯೋಜನೆ ವಿಂಡೋಸ್‌ನ ನೇರ ಪ್ರೋಗ್ರಾಂಗಳನ್ನು ಸಿದ್ಧಪಡಿಸಲು ಹೆಚ್ಚು ಬಳಕೆಯಲ್ಲಿದೆ. ತಂತ್ರಾಂಶ ರಚಿಸುವವರು ನಿತ್ಯ ಬಳಸುವ ‘ಗಿಟ್’ನ ವಿಂಡೋಸ್ ರೂಪ ನಿಂತಿರುವುದು ಇದೇ ಎಂಸಿಸ್2 ಮೇಲೆ. ಹಾಗಾಗಿ ಸಿಗ್ವಿನ್‌ನಲ್ಲಿ ನಡೆದ ನಿರ್ವಹಣಾ ಕೆಲಸದ ಫಲ ಅದರ ಹೆಸರು ಅರಿಯದವರಿಗೂ ತಲುಪುತ್ತಿದೆ.

ಉದ್ಯಮಿಗಳು ಅನುಸರಿಸಬಹುದಾದ ಕ್ರಮಗಳು

ಮುಕ್ತ ತಂತ್ರಾಂಶವನ್ನು ಬಳಸುವ ಅಥವಾ ಬಳಸಲು ಯೋಚಿಸುತ್ತಿರುವ ವರ್ತಕರು ಮತ್ತು ತಯಾರಕರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಹಿತಕರ.

1. ದಾಸ್ತಾನು ಪುಸ್ತಕದಂತೆಯೇ ತಂತ್ರಾಂಶದ ಪಟ್ಟಿಯೂ ಇರಲಿ. ಯಾವ ಗಣಕದಲ್ಲಿ ಯಾವ ಪ್ಯಾಕೇಜ್, ಯಾವ ಆವೃತ್ತಿ, ಎಲ್ಲಿಂದ ತಂದದ್ದು ಎಂಬುದನ್ನು ನಮೂದಿಸಬೇಕು. ಸಿಗ್ವಿನ್‌ನಲ್ಲಿ ಈ ಪಟ್ಟಿಯನ್ನು ‘ಸಿಗ್‌ಚೆಕ್’ ಎಂಬ ಆದೇಶದಿಂದಲೇ ಪಡೆಯಬಹುದು.

2. ತಂತ್ರಾಂಶವನ್ನು ಅದರ ಅಧಿಕೃತ ಸ್ಥಳದಿಂದ ಮಾತ್ರ ಇಳಿಸಿಕೊಳ್ಳಬೇಕು. ಪರಿಚಿತರ ಪೆನ್‌ಡ್ರೈವ್‌ನಿಂದ ಬಂದ ಡಿಎಲ್‌ಎಲ್‌ಗೆ ಸಹಿಯೂ ಇಲ್ಲ, ಹೊಣೆಗಾರರೂ ಇಲ್ಲ.

3. ಪರಿಷ್ಕರಣೆಗೆ ದಿನ ಗೊತ್ತುಪಡಿಸಬೇಕು. ಚಾಲನೆಯಲ್ಲಿರುವ ಡಿಎಲ್‌ಎಲ್ ಅನ್ನು ಬದಲಾಯಿಸಲು ವಿಂಡೋಸ್ ಬಿಡುವುದಿಲ್ಲ. ಆದ್ದರಿಂದ ಸಿಗ್ವಿನ್ ಪ್ರೋಗ್ರಾಂಗಳೆಲ್ಲವನ್ನೂ ಮುಚ್ಚಿದ ಮೇಲೆಯೇ ಪರಿಷ್ಕರಿಸಬೇಕು. ಕೆಲಸದ ಅವಧಿ ಮುಗಿದ ನಂತರದ ಸಮಯ ಇದಕ್ಕೆ ಸೂಕ್ತ.

4. ಬಿಲ್ಲಿಂಗ್, ಉತ್ಪಾದನೆ ಮುಂತಾದ ಮುಖ್ಯ ಕೆಲಸದ ಗಣಕಕ್ಕೆ ಹೊಸ ಆವೃತ್ತಿಯನ್ನು ಹಾಕುವ ಮೊದಲು ಬೇರೊಂದು ಗಣಕದಲ್ಲಿ ಪರೀಕ್ಷಿಸಬೇಕು. ಹಿಂದಿನ ಆವೃತ್ತಿಯ ಪ್ರತಿಯೊಂದನ್ನು ಉಳಿಸಿಕೊಂಡಿರಬೇಕು.

5. ಬೆಂಬಲ ನಿಂತ ವಿಂಡೋಸ್ ಗಣಕವನ್ನು ಬಳಸಲೇಬೇಕಾದರೆ ಅದನ್ನು ಅಂತರಜಾಲದಿಂದ ಪ್ರತ್ಯೇಕಿಸಬೇಕು.

6. ಮಾರಾಟದ ಯಂತ್ರದೊಡನೆ ಹೋಗುವ ಪ್ರತಿ ಮುಕ್ತ ತಂತ್ರಾಂಶದ ಪರವಾನಗಿಯನ್ನು ಓದಿ, ಮೂಲ ಸಂಕೇತದ ಪ್ರತಿಯನ್ನು ಆಯಾ ಆವೃತ್ತಿಯೊಡನೆ ಕಾಯ್ದಿರಿಸಬೇಕು. ಸಂದೇಹವಿದ್ದಲ್ಲಿ ಕಾನೂನು ಸಲಹೆ ಪಡೆಯಬೇಕು.

7. ತಮ್ಮ ವ್ಯವಹಾರ ಅವಲಂಬಿಸಿರುವ ಪ್ಯಾಕೇಜನ್ನು ಯಾರು ಪಾಲಿಸುತ್ತಿದ್ದಾರೆ, ಕೊನೆಯ ಬಿಡುಗಡೆ ಯಾವಾಗ ಆಯಿತು ಎಂಬುದನ್ನು ವರ್ಷಕ್ಕೊಮ್ಮೆಯಾದರೂ ವಿಚಾರಿಸಬೇಕು.

ಈ ಕೊನೆಯ ಅಂಶದಿಂದ ಇನ್ನೊಂದು ಕರ್ತವ್ಯವೂ ಹುಟ್ಟುತ್ತದೆ. ಅನಾಥವಾದ ಪ್ಯಾಕೇಜ್ ತಮ್ಮ ಕೆಲಸಕ್ಕೆ ಅಗತ್ಯವಾದುದಾಗಿದ್ದರೆ, ಸಂಸ್ಥೆಯ ಇಂಜಿನಿಯರ್ ಒಬ್ಬರಿಗೆ ವಾರದಲ್ಲಿ ಕೆಲವು ಗಂಟೆಗಳ ಬಿಡುವು ಕೊಟ್ಟು ಅದರ ಪಾಲನೆಯನ್ನು ವಹಿಸಿಕೊಳ್ಳುವುದು ಸಾಧ್ಯವಿದೆ. ಅಷ್ಟು ಆಗದಿದ್ದರೆ, ದೋಷ ಕಂಡಾಗ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ದೂರದೆ, ಆವೃತ್ತಿ, ಗಣಕದ ವಿವರ, ದೋಷ ಮರುಕಳಿಸುವ ಬಗೆ ಇವನ್ನೆಲ್ಲ ಸ್ಪಷ್ಟವಾಗಿ ಬರೆದು ತಿಳಿಸುವುದೂ ದೊಡ್ಡ ನೆರವೇ. ತಾನು ಮೊದಲು ಸಮಸ್ಯೆಯನ್ನು ತಿದ್ದಿಕೊಂಡ ಬಳಕೆದಾರನು ಆ ತೇಪೆಯನ್ನು ನಿರ್ವಾಹಕರಿಗೆ ಕಳುಹಿಸಿದರೆ ಮುಂದಿನ ಪ್ರತಿ ಆವೃತ್ತಿಯಲ್ಲಿಯೂ ಅದನ್ನು ತಾನೇ ಹೊಲಿಯುವ ಕಷ್ಟ ತಪ್ಪುತ್ತದೆ.

ಸರಕು ಪೂರೈಸುವವನ ಅಂಗಡಿ ಮುಚ್ಚುವ ಸೂಚನೆ ಕಂಡರೆ ಜಾಣ ವರ್ತಕನು ಮೊದಲೇ ಎಚ್ಚೆತ್ತು ಬೇರೆ ಏರ್ಪಾಡು ಮಾಡಿಕೊಳ್ಳುತ್ತಾನೆ, ಇಲ್ಲವೇ ಅವನಿಗೆ ಕೈಹಿಡಿದು ನಿಲ್ಲಿಸುತ್ತಾನೆ. ಉಚಿತ ತಂತ್ರಾಂಶದ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯ. ಬೆಲೆಯ ಚೀಟಿಯಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಅದರ ಪೂರೈಕೆದಾರರೇ ಇಲ್ಲವೆಂದು ಅರ್ಥವಲ್ಲ. ಅವರು ಯಾರೆಂದು ತಿಳಿದಿರುವುದು ಬಳಸುವವರ ಹೊಣೆ.